ಒಂದೇ ದಿನ ಆಡಿ ಮಡಚಿಡುವ ನಾಟಕಗಳು

ಕಾಸರಗೋಡಿನಲ್ಲಿ ಕನ್ನಡ ನಾಟಕ ಮಾಡುವ ಎಲ್ಲರಿಗೂ ಈ ಲೆಕ್ಕ ಗೊತ್ತು. ತಿಂಗಳುಗಟ್ಟಲೆ ತಾಲೀಮು ಮಾಡುತ್ತೇವೆ, ಒಂದು ರಾತ್ರಿ ಆಡುತ್ತೇವೆ, ಮರುದಿನ ಪರದೆ ಮಡಚಿ ಯಾರದ್ದಾದರೂ ಮನೆಯ ಅಟ್ಟಕ್ಕೆ ಹಾಕುತ್ತೇವೆ. ಆ ಒಂದು ರಾತ್ರಿಯೂ ಪೂರ್ತಿ ನಾಟಕದ್ದಲ್ಲ. ಶಾಲೆಯ ವಾರ್ಷಿಕೋತ್ಸವವೋ, ಭಜನಾ ಮಂದಿರದ ಉತ್ಸವವೋ, ಗಡಿನಾಡ ಸಮಾವೇಶವೋ ಇರುತ್ತದೆ. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಸನ್ಮಾನಿತರ ಅನಿಸಿಕೆ. ಎಲ್ಲ ಮುಗಿದು ಧನ್ಯವಾದ ಹೇಳುವವರು "ಇನ್ನು ಕೆಲವೇ ನಿಮಿಷಗಳಲ್ಲಿ ನಾಟಕ" ಅನ್ನುವಾಗ ಗಂಟೆ ಹತ್ತೂವರೆ. ಮುಂದಿನ ಸಾಲಿನ ಅತಿಥಿಗಳು ಆಗಲೇ ಕಾರು ಹತ್ತಿರುತ್ತಾರೆ. ಮಕ್ಕಳು ಅಮ್ಮಂದಿರ ಮಡಿಲಲ್ಲಿ ನಿದ್ದೆ ಹೋಗಿರುತ್ತಾರೆ.

ನಾನು ಹೀಗೆ ಆಡಿಯೇ ಬೆಳೆದವನು. ಹಾಗಾಗಿ ಇದನ್ನು ಬರೆಯುವ ಹಕ್ಕು ನನಗೆ ಸ್ವಲ್ಪ ಉಂಟು. ಈ ಸಲ ನಮ್ಮ ಸಣ್ಣ ನಾಟಕವನ್ನು ಬೆಂಗಳೂರಿನ ಒಂದು ಫ್ರಿಂಜ್ ಉತ್ಸವಕ್ಕೆ ತೆಗೆದುಕೊಂಡು ಹೋಗಿ, ಒಂದೇ ಕೋಣೆಯಲ್ಲಿ ದಿನಾ ಸಂಜೆ ಅದೇ ನಾಟಕ ಆಡಿ ಬಂದೆವು. ಬಂದ ಮೇಲೆ ನನ್ನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿದೆ. ನಮಗೆ ಬೇಕಾಗಿರುವುದು ಎರಡನೇ ಪ್ರಯೋಗ, ಮೂರನೇ ಪ್ರಯೋಗ, ನಾಲ್ಕನೆಯದು. ಹೊಸ ರಂಗಮಂದಿರದ ವಿಷಯ ಆಮೇಲೆ ಮಾತಾಡೋಣ.

ಫ್ರಿಂಜ್ ಅಂದರೆ ಎಂತದು ಮಾರಾಯ್ರೆ ಅಂತ ಊರಲ್ಲಿ ತುಂಬಾ ಜನ ಕೇಳಿದರು. 1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಒಂದು ಅಂತರರಾಷ್ಟ್ರೀಯ ಕಲೋತ್ಸವ ಶುರುವಾಯಿತು. ಕರೆಯದೇ ಇದ್ದರೂ 8 ನಾಟಕ ತಂಡಗಳು ಬಂದು, ಸಿಕ್ಕಿದ ಜಾಗದಲ್ಲಿ ಆಡಿದವು. ಅದರಲ್ಲಿ ಒಂದು ತಂಡ ಆಡಿದ್ದು ಎಡಿನ್‌ಬರೋದಲ್ಲೇ ಅಲ್ಲ, ಡನ್‌ಫರ್ಮ್ಲಿನ್ ಎಂಬ ಬೇರೆ ಊರಿನ ಹಳೇ ಇಗರ್ಜಿಯಲ್ಲಿ. ಆ ಕರೆಯದೆ ಬಂದವರ ಜಾತ್ರೆಯೇ ಫ್ರಿಂಜ್, ಅದು ಈಗ ಪ್ರತಿ ಆಗಸ್ಟಿನಲ್ಲಿ ಮೂರು ವಾರಕ್ಕಿಂತ ಜಾಸ್ತಿ ನಡೆಯುತ್ತದೆ. ಅಲ್ಲಿ ಆಯ್ಕೆ ಸಮಿತಿ ಅಂತ ಇಲ್ಲ. ಶುಲ್ಕ ಕಟ್ಟಿ, ಜಾಗ ಹುಡುಕಿಕೊಂಡು, ಯಾರು ಬೇಕಾದರೂ ಆಡಬಹುದು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 1960ರಿಂದ ಇಂಥದ್ದು ಇದೆ. ನಾವು ಹೋದ ಉತ್ಸವ ಇವುಗಳ ಎದುರು ಬಹಳ ಸಣ್ಣದು, ಆಯ್ಕೆಯೂ ಇತ್ತು. ಆದರೆ ಕ್ರಮ ಅದೇ. ಒಂದು ಕೋಣೆ, ದಿನಕ್ಕೆ ಹಲವು ತಂಡ, ಪ್ರತಿ ತಂಡಕ್ಕೆ ಸುಮಾರು ಒಂದು ಗಂಟೆ. ನಡುವೆ ಕಾಲು ಗಂಟೆ. ಅಷ್ಟರಲ್ಲಿ ಹಿಂದಿನವರು ಖಾಲಿ ಮಾಡಬೇಕು, ನಾವು ಕಟ್ಟಿಕೊಳ್ಳಬೇಕು. ಲೈಟುಗಳು ಎಲ್ಲರಿಗೂ ಒಂದೇ, ತಿರುಗಿಸುವಂತಿಲ್ಲ.

ಈ ಕಾಲು ಗಂಟೆ ನಿರ್ದೇಶಕನಿಗೆ ಒಳ್ಳೆಯ ಮೇಷ್ಟ್ರು. ಊರಲ್ಲಿ ಆಡುವಾಗ ನಮ್ಮ ರಂಗದಲ್ಲಿ ಕಿಟಕಿ ಇತ್ತು, ಗೋಡೆ ಇತ್ತು, ಮರದ ಕರಿಹಲಗೆ ಇತ್ತು. ಅಲ್ಲಿಗೆ ಹೋದದ್ದು ಎರಡು ಬೆಂಚು ಮತ್ತು ಒಂದು ಕಪ್ಪು ಬಟ್ಟೆ. ಕಣ್ಣೂರಿನಿಂದ ಬೆಂಗಳೂರಿಗೆ ಹೋಗುವ ರಾತ್ರಿ ರೈಲಿನಲ್ಲಿ ಬೆಂಚಿನ ಕಾಲುಗಳನ್ನು ಬಿಚ್ಚಿ ಸೀಟಿನ ಅಡಿಗೆ ತುರುಕಿದೆವು. ಚೆಂಡೆಗೆ ಮಾತ್ರ ಒಂದು ಬರ್ತು ಬಿಟ್ಟುಕೊಟ್ಟೆವು. ಚೆಂಡೆಯವರು ಇಡೀ ರಾತ್ರಿ ಕೂತೇ ಬಂದರು, ಯಾರು ಹೇಳಿದರೂ ಕೇಳಲಿಲ್ಲ. ಕಿಟಕಿ, ಗೋಡೆ ಇಲ್ಲದ್ದು ಯಾರಿಗೂ ಗೊತ್ತೇ ಆಗಲಿಲ್ಲ.

ನಾಟಕದ ಕತೆ ನಮ್ಮೂರಿನದೇ. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬರುವುದು, ಹೆತ್ತವರು ಪ್ರತಿಭಟನೆಗೆ ಕೂರುವುದು ನಮ್ಮಲ್ಲಿ ಆಗಾಗ ಓದುವ ಸುದ್ದಿ. ನಮ್ಮ ನಾಟಕದ ಮೇಷ್ಟ್ರು ತಿರುವನಂತಪುರ ಕಡೆಯ ಹುಡುಗ. ಪಿಎಸ್‌ಸಿ ಪರೀಕ್ಷೆ ಬರೆದು, ರ‍್ಯಾಂಕ್ ಪಟ್ಟಿಯಲ್ಲಿ ಕಾದು, 500 ಕಿಲೋಮೀಟರಿಗಿಂತ ದೂರದ ನಮ್ಮ ಶಾಲೆಗೆ ಲೆಕ್ಕ ಕಲಿಸಲು ಬರುತ್ತಾನೆ. ಅವನು ಖಳನಾಯಕನಲ್ಲ. ಅವನನ್ನು ಅಲ್ಲಿಗೆ ಕಳಿಸಿದ ಕಾಗದ ಮಾತ್ರ ರಂಗದ ಮೇಲೆ ಬರುವುದೇ ಇಲ್ಲ. ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ, ಮರಾಠಿ ಆಡುವವರು, ಶಾಲೆಯಲ್ಲಿ ಕನ್ನಡ ಓದುವವರು, ಬಸ್ಸಿನಲ್ಲಿ ಮಲಯಾಳ ಮಾತಾಡುವವರು. ಮೇಷ್ಟ್ರು ಹೇಳುವುದು ಅವರಿಗೆ ಅರ್ಧಕ್ಕರ್ಧ ಅರ್ಥ ಆಗುತ್ತದೆ. ಆದರೆ ಆಗುವುದಿಲ್ಲ ಅಂತ ನಟಿಸುತ್ತಾರೆ. ತಮಾಷೆ ಇರುವುದು ಅಲ್ಲಿ. ಹೊಟ್ಟೆ ಉರಿಯುವುದೂ ಅಲ್ಲೇ, ಯಾಕೆಂದರೆ ಭಿನ್ನರಾಶಿ ಮಾತ್ರ ಯಾವ ನಟನೆಯಿಂದಲೂ ತಲೆಗೆ ಹೋಗುವುದಿಲ್ಲ.

ಊರಲ್ಲಿ ಆಡಿದಾಗ ಜನ ಸರಿಯಾದ ಕಡೆ ನಕ್ಕಿದ್ದರು. ಬೆಂಗಳೂರಿನ ಮೊದಲ ಸಂಜೆ ಬೆರಳೆಣಿಕೆಯ ಪ್ರೇಕ್ಷಕರು. ಮೇಷ್ಟ್ರು ಬಾಯಿ ತೆರೆದ ಕೂಡಲೇ ನಗು. ಅವನ ಉಚ್ಚಾರಕ್ಕೆ ನಗು. ಸಿನಿಮಾಗಳಲ್ಲಿ ಮಲಯಾಳಿ ಪಾತ್ರ ಕಂಡರೆ ನಗಬೇಕು ಅಂತ ಯಾರೋ ಕಲಿಸಿಬಿಟ್ಟಿದ್ದಾರೆ, ಅಲ್ವಾ? ಮೇಷ್ಟ್ರು ರಾತ್ರಿ ಒಬ್ಬನೇ ಕೂತು ಕನ್ನಡದ ಅ, ಆ ತಿದ್ದುವ ದೃಶ್ಯಕ್ಕೂ ನಕ್ಕರು. ಪಾತ್ರಧಾರಿ ಚೌಕಿಗೆ ಬಂದು ಏನೂ ಮಾತಾಡದೆ ಮುಖ ತೊಳೆದುಕೊಂಡ.

ಊರಿನ ಪದ್ಧತಿಯಲ್ಲಿ ಆಗಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಪ್ರೇಕ್ಷಕರೇ ಸರಿ ಇಲ್ಲ ಅಂತ ಬೈದುಕೊಂಡು ರೈಲು ಹತ್ತುತ್ತಿದ್ದೆವು. ಇಲ್ಲಿ ಮರುದಿನ ಸಂಜೆ ಮತ್ತೆ ಆಡಬೇಕಿತ್ತಲ್ಲ! ಎರಡನೇ ಸಂಜೆ ಮೇಷ್ಟ್ರ ಮಾತಿನಿಂದ ಹರಕು ಕನ್ನಡ ಪೂರ್ತಿ ತೆಗೆದೆವು. ಅವನು ವೇಗವಾಗಿ, ಚಂದದ ಮಲಯಾಳದಲ್ಲಿ, ತನ್ನ ವಿಷಯ ಚೆನ್ನಾಗಿ ಗೊತ್ತಿರುವ ಮನುಷ್ಯನ ಹಾಗೆ ಪಾಠ ಮಾಡಿದ. ನಗು ಅರ್ಧ ನಿಂತಿತು. ಮೂರನೇ ಸಂಜೆ ಬೆಂಚುಗಳನ್ನು ತಿರುಗಿಸಿದೆವು. ಮೇಷ್ಟ್ರ ಬೆನ್ನು ಪ್ರೇಕ್ಷಕರಿಗೆ, ಮಕ್ಕಳ ಮುಖ ಪ್ರೇಕ್ಷಕರಿಗೆ. ಈಗ ಜನ ನೋಡಿದ್ದು ಪಾಠ ಕೇಳುವವರನ್ನು. ಅರ್ಥವಾದರೂ ಆಗದ ಹಾಗೆ ಕೂತ ಮಕ್ಕಳ ಮುಖಕ್ಕೆ ನಗು ಬಂತು, ನಂತರ ಅದೇ ಮುಖಗಳಿಗೆ ಕೋಣೆ ಸುಮ್ಮನಾಯಿತು. ಅ, ಆ ದೃಶ್ಯಕ್ಕೆ ಆಮೇಲೆ ಒಬ್ಬರೂ ನಗಲಿಲ್ಲ.

ತಾಲೀಮಿನಲ್ಲಿ ಈ ಕೆಲಸ ಯಾವ ಕಾಲಕ್ಕೂ ಆಗುವುದಿಲ್ಲ. ತಾಲೀಮಿನಲ್ಲಿ ನಗುವವರೂ ನಾವೇ, ಅಳುವವರೂ ನಾವೇ.

ಆಟಗಳು ಮುಂದುವರಿದ ಹಾಗೆ ನಿರ್ದೇಶಕನ ಕೆಲಸವೂ ಬದಲಾಗುತ್ತದೆ. ಮೊದಲ ಪ್ರಯೋಗ ಆದ ಮೇಲೆ ನಿರ್ದೇಶಕ ಕೈ ತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ನಾನು ದಿನಾ ಕೊನೆಯ ಸಾಲಿನಲ್ಲಿ ಪುಸ್ತಕ ಹಿಡಿದು ಕೂತೆ. ಒಬ್ಬ ನಟನಿಗೆ ದಿನಕ್ಕೆ ಒಂದೇ ಸೂಚನೆ, ಅದಕ್ಕಿಂತ ಹೆಚ್ಚು ಹೇಳಬಾರದು ಅಂತ ನನಗೆ ನಾನೇ ಕಟ್ಟು ಹಾಕಿಕೊಂಡೆ. ಆಮೇಲಾಮೇಲೆ ತಿದ್ದುವುದಕ್ಕಿಂತ ಕಾವಲು ಕಾಯುವ ಕೆಲಸವೇ ಜಾಸ್ತಿ. ಚಪ್ಪಾಳೆ ರುಚಿ ಹತ್ತಿದ ನಟ ಏನು ಬೇಕಾದರೂ ಸೇರಿಸುತ್ತಾನೆ. ನಮ್ಮ ಒಬ್ಬ ಒಂದು ಸಂಜೆ ಬೆಂಗಳೂರಿನ ಟ್ರಾಫಿಕ್ ಬಗ್ಗೆ ಒಂದು ಜೋಕು ಹಾಕಿದ. ಕೋಣೆ ಹಾರಿಹೋಗುವಷ್ಟು ನಗು. ಮರುದಿನ ಅದನ್ನು ತೆಗೆ ಅಂದೆ. ಕುಂಬಳೆ ಪಕ್ಕದ ಶಾಲೆಯ ಹುಡುಗನಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಹೇಗೆ ಗೊತ್ತು? ಅವನು ಒಂದು ದಿನ ನನ್ನ ಜೊತೆ ಊಟ ಮಾಡಲಿಲ್ಲ. ಜೋಕು ಹೋಯಿತು, ಅಷ್ಟು ಸಾಕು.

ಇನ್ನೊಂದು ಜಗಳವೂ ಇತ್ತು. ಮಲಯಾಳ, ತುಳು ಮಾತುಗಳಿಗೆ ಗೋಡೆಯ ಮೇಲೆ ಅನುವಾದ ಹಾಕೋಣ ಅಂತ ಕೆಲವರು ಹೇಳಿದರು. ನಮ್ಮ ತಂಡದಲ್ಲೇ ಇಬ್ಬರು ಅವರ ಪಕ್ಷ. ನಾನು ಬೇಡ ಅಂದೆ. ಅರ್ಥವಾಗದ ತರಗತಿಯಲ್ಲಿ ಕೂರುವುದು ಹೇಗಿರುತ್ತದೆ ಅಂತ ಪ್ರೇಕ್ಷಕರಿಗೂ ಸ್ವಲ್ಪ ಹೊತ್ತು ತಿಳಿಯಲಿ. ಇದರ ಬಗ್ಗೆ ಈಗಲೂ ನನ್ನ ಜೊತೆ ವಾದ ಮಾಡುವವರಿದ್ದಾರೆ, ಮಾಡಲಿ.

ಹೀಗೆ ದಿನಾ ಆಡಿ ಆಟವನ್ನು ಹದ ಮಾಡುವುದು ನಮಗೆ ಹೊಸತೇನಲ್ಲ ಅನ್ನುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು ಇದು. ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ದೀಪಾವಳಿಯ ನಂತರ ಹೊರಟು ಮೇ 24ರ ಹೊತ್ತಿಗೆ ಬರುವ ಪತ್ತನಾಜೆಯವರೆಗೆ ದಿನಾ ರಾತ್ರಿ ಆಟ ಆಡುತ್ತವೆ. ನಮ್ಮ ಅರ್ಥದ ತಾಲೀಮು ಅವರಿಗಿಲ್ಲ. ಕೋಡಂಗಿ, ಬಾಲಗೋಪಾಲ ವೇಷ ಕಟ್ಟಿ ಶುರು ಮಾಡಿದ ಹುಡುಗ ವರ್ಷಗಟ್ಟಲೆ ಜನರ ಎದುರು ನಿಂತೇ ಕಲಿಯುತ್ತಾನೆ. ಪದ್ಯ ಹಾಡಿ ಆಟ ನಡೆಸುವ ಭಾಗವತರ ಒಂದು ನೋಟಕ್ಕೆ ಪದ್ಯ ಉದ್ದವಾಗುತ್ತದೆ, ಇನ್ನೊಂದಕ್ಕೆ ಗಿಡ್ಡವಾಗುತ್ತದೆ. ಅವರಿಗೆ ತಿರುಗಾಟವೇ ತಾಲೀಮು. ನಾವು ಆಧುನಿಕ ನಾಟಕದವರು ತಾಲೀಮನ್ನು ಮಾತ್ರ ಇಟ್ಟುಕೊಂಡು ತಿರುಗಾಟ ಬಿಟ್ಟೆವು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1985ರಲ್ಲಿ ತಿರುಗಾಟ ಶುರು ಮಾಡಿದ್ದು ಇದೇ ಕೊರತೆ ತುಂಬಲಿಕ್ಕೆ ಅಂತ ನಾನು ತಿಳಿದಿದ್ದೇನೆ. ಅದೇ ನಟರು, ಅದೇ ನಾಟಕ, ಊರಿಂದೂರಿಗೆ. ಆ ನಟರ ಕಾಲು ರಂಗದ ಮೇಲೆ ಊರುವ ರೀತಿಯೇ ಬೇರೆ.

ಫ್ರಿಂಜ್ ಸ್ವರ್ಗ ಅಂತ ಯಾರೂ ತಿಳಿಯಬೇಡಿ. ದುಡ್ಡಿನ ವಿಷಯದಲ್ಲಿ ಅದು ಸಾಕಷ್ಟು ಕ್ರೂರಿ. ಟಿಕೆಟಿನ ಹಣದಲ್ಲಿ ಜಾಗದವರಿಗೂ ಪಾಲು. ಊಟ, ವಸತಿ, ರೈಲು ಎಲ್ಲ ನಮ್ಮ ಕೈಯಿಂದ. ನಮ್ಮ ತಂಡದಲ್ಲಿ ಒಬ್ಬ ಟೈಲರ್, ಒಬ್ಬಳು ಅಂಗನವಾಡಿಯವಳು, ಒಬ್ಬ ಅಡಿಕೆ ತೋಟದವನು. ಅಂಗಡಿ ಮುಚ್ಚಿದ್ದಕ್ಕೆ, ರಜೆ ಹಾಕಿದ್ದಕ್ಕೆ ಯಾರು ಕೊಡುತ್ತಾರೆ? ಎಡಿನ್‌ಬರೋದಲ್ಲೂ ಆಗಸ್ಟಿನ ಮನೆ ಬಾಡಿಗೆಗೆ ಹೆದರಿ ಕಲಾವಿದರು ಹಿಂದೆ ಸರಿಯುತ್ತಾರೆ. ಬಾಗಿಲು ಎಲ್ಲರಿಗೂ ತೆರೆದಿದೆ ಅನ್ನುವುದು ಸರಿ, ಆದರೆ ಬಾಗಿಲವರೆಗೆ ಹೋಗಲು ಕಾಸು ಬೇಕು.

ಅದಕ್ಕೇ ನಾನು ಹೇಳುವುದು, ಇದನ್ನು ನಾವು ಊರಲ್ಲೇ ಮಾಡಬೇಕು. ಕೇರಳದಲ್ಲಿ ನಮಗೆ ಸಿಕ್ಕಿದ ಒಂದು ದೊಡ್ಡ ಆಸ್ತಿ ಗ್ರಂಥಾಲಯಗಳು. 1945ರಿಂದ ಪಿ.ಎನ್. ಪಣಿಕ್ಕರ್ ಕಟ್ಟಿದ ಚಳವಳಿಯಿಂದ ಹಳ್ಳಿ ಹಳ್ಳಿಗೆ ವಾಚನಾಲಯ ಬಂತು. ನಮ್ಮ ಕಡೆಯ ಕನ್ನಡ ಗ್ರಂಥಾಲಯಗಳಲ್ಲೂ ಕುರ್ಚಿ ಉಂಟು, ಫ್ಯಾನ್ ಉಂಟು, ಒಂದು ಟ್ಯೂಬ್‌ಲೈಟ್ ಉಂಟು. ಐವತ್ತು ಜನ ಕೂರಬಹುದು. ಅಲ್ಲಿ ಸಂಜೆ ಏಳಕ್ಕೆ ಶುರು ಮಾಡಿ ಎಂಟಕ್ಕೆ ಮುಗಿಸುವ ನಾಟಕವನ್ನು ಐದು ಸಂಜೆ ಆಡೋಣ. 50 ರೂಪಾಯಿ ಟಿಕೆಟ್ ಇಡೋಣ. ಭಾಷಣ ಬೇಡ.

"ಒಂದೇ ಊರಲ್ಲಿ ಎರಡನೇ ದಿನ ಯಾರು ಬರುತ್ತಾರೆ?" ಈ ಪ್ರಶ್ನೆ ನನಗೆ ಎಲ್ಲ ಕಡೆ ಸಿಗುತ್ತದೆ. ಮೊದಲ ದಿನ ನೋಡಿದವರು ಯಾರಿಗೆ ಹೇಳುತ್ತಾರೋ ಅವರು ಬರುತ್ತಾರೆ. ಬೆಂಗಳೂರಿನಲ್ಲಿ ಬೆರಳೆಣಿಕೆಯಿಂದ ಶುರುವಾಗಿ ಕೊನೆಗೆ ಪಕ್ಕದ ಕೋಣೆಯಿಂದ ಕುರ್ಚಿ ತರಬೇಕಾಯಿತು. ಜಾಹೀರಾತಿಗೆ ನಾವು ಖರ್ಚು ಮಾಡಿದ್ದು ಒಂದಿಷ್ಟು ಜೆರಾಕ್ಸ್ ಮಾತ್ರ. ಒಂದೇ ದಿನ ಆಡುವ ನಾಟಕ ಎಷ್ಟೇ ಚೆನ್ನಾಗಿದ್ದರೂ ಮರುದಿನ "ನೋಡಿ ಬಾ" ಅಂತ ಯಾರಿಗೂ ಹೇಳುವ ಹಾಗಿಲ್ಲ. "ನಿನ್ನೆ ಬರಬೇಕಿತ್ತು ಮಾರಾಯ" ಅನ್ನಬೇಕಷ್ಟೆ.

ಅನುದಾನ ಕೊಡುವವರಿಗೂ ಒಂದು ಮಾತು. ಗಡಿನಾಡಿನ ಕನ್ನಡಕ್ಕೆ ದುಡ್ಡು ಬರುತ್ತದೆ, ಇಲ್ಲ ಅನ್ನಲಾರೆ. ಆದರೆ ಅದು ಬರುವುದು ಕಾರ್ಯಕ್ರಮದ ಲೆಕ್ಕದಲ್ಲಿ. ಬ್ಯಾನರ್, ಫೋಟೋ, ಪತ್ರಿಕಾ ವರದಿ ಲಗತ್ತಿಸಿದರೆ ಆಯಿತು. ಐದು ಹೊಸ ನಾಟಕಗಳ ಒಂದೊಂದು ಪ್ರಯೋಗಕ್ಕೆ ಕೊಡುವ ಹಣವನ್ನು ಒಂದು ನಾಟಕದ ಐದು ಪ್ರಯೋಗಕ್ಕೆ ಕೊಟ್ಟು ನೋಡಿ. ಫೋಟೋ ಐದೂ ದಿನ ಒಂದೇ ತರ ಬರಬಹುದು. ನಾಟಕ ಒಂದೇ ತರ ಇರುವುದಿಲ್ಲ.

ಬದಿಯಡ್ಕ, ನೀರ್ಚಾಲು, ಪೈವಳಿಕೆ, ಮಂಜೇಶ್ವರ ಕಡೆ ಇಂಥ ಹಾಲ್ ಇರುವ ಗ್ರಂಥಾಲಯದವರು, ಕ್ಲಬ್ಬಿನವರು ಇನ್‌ಬಾಕ್ಸಿಗೆ ಬನ್ನಿ. ಬೆಂಚು, ಬಟ್ಟೆ, ಚೆಂಡೆ ನಾವೇ ತರುತ್ತೇವೆ. ಪರೀಕ್ಷೆ ಸಮಯ ಬಿಟ್ಟು ಯಾವ ವಾರವಾದರೂ ಸರಿ. ಒಂದೇ ದಿನಕ್ಕೆ ಕರೆಯುವುದಾದರೆ ಮಾತ್ರ ದಯವಿಟ್ಟು ಕರೆಯಬೇಡಿ.