ಗೋಡೆಗೆ 28 ದಿನ, ಮನುಷ್ಯನಿಗೆ 7

ವ್ಯಸನಮುಕ್ತಿಗೆ ಒಂದಿಷ್ಟು ಅನುದಾನ, ಸ್ಥಳೀಯ ಕಲೆಗೆ ಇನ್ನೊಂದಿಷ್ಟು. ಬಿಡಿಯಾಗಿ ಯಾವುದೂ ಸಾಲದು. ಕೂಡಿಸಿದರೂ ಸಾಲದು, ಆದರೆ ಸಮಾರಂಭಕ್ಕೆ ಸಾಕಾಗುತ್ತದೆ. ಈ ಗಣಿತ ಹೊಳೆದಂದಿನಿಂದ ನಗರಾಡಳಿತಗಳು ವ್ಯಸನಮುಕ್ತಿ ಕೇಂದ್ರದ ಕಾಂಪೌಂಡಿಗೆ ಚಿತ್ರ ಬರೆಸತೊಡಗಿವೆ. ಕಲಾವಿದನೂ ಉದ್ಧಾರ, ಕುಡುಕನೂ ಉದ್ಧಾರ, ಬಿಲ್ಲು ಒಂದೇ.

ಟೆಂಡರ್ ದಾಖಲೆಯಲ್ಲಿ ಗೋಡೆಯ ಮೇಲಿರುವ ಅಕ್ಕರೆ ನೋಡಿದರೆ ಕಣ್ಣು ತುಂಬಿ ಬರುತ್ತದೆ. ಹೊಸ ಸಿಮೆಂಟ್ ಪ್ಲಾಸ್ಟರಿಗೆ 28 ದಿನ ಬಿಡುವು. ಅದಕ್ಕೂ ಮೊದಲೇ ಬಣ್ಣ ಹಚ್ಚಿದರೆ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಡುತ್ತದೆ, ಒಳಗಿನ ತೇವ ಉಪ್ಪನ್ನು ಹೊರಗೆಳೆದು ಬಿಳಿ ಹಿಟ್ಟಿನಂತೆ ಮೇಲೆ ಕೂರಿಸುತ್ತದೆ, ಆಮೇಲೆ ಪದರ ಪದರವಾಗಿ ಸಿಪ್ಪೆ ಏಳುತ್ತದೆ. ಆದ್ದರಿಂದ ಮೊದಲು ಕ್ಷಾರ ತಡೆಯುವ ಪ್ರೈಮರ್, ಅದು ಒಣಗಿದ ಮೇಲೆ ಅಕ್ರಿಲಿಕ್ ಎರಡು ಕೋಟ್, ಕೊನೆಗೆ ಬಿಸಿಲು ತಡೆಯುವ ವಾರ್ನಿಷ್. ಎಲ್ಲವೂ ಸರಿಯೇ. ಅದೇ ಗೋಡೆಯ ಒಳಗೆ ಮಲಗಿದವನಿಗೆ ಮಂಜೂರಾಗಿರುವುದು 7 ದಿನ. ಎಂಟನೇ ದಿನ ಕೈಗೊಂದು ಕರಪತ್ರ ಕೊಟ್ಟು ಗೇಟು ತೋರಿಸುತ್ತಾರೆ.

ಒಳಗಿನ ಕೆಲಸಕ್ಕೂ ವೇಳಾಪಟ್ಟಿ ಉಂಟು, ಆದರೆ ಅದು ಕಚೇರಿ ವೇಳೆಗೆ ಬಗ್ಗುವಂಥದ್ದಲ್ಲ. ವರ್ಷಗಟ್ಟಲೆ ಕುಡಿದವನು ಥಟ್ಟನೆ ನಿಲ್ಲಿಸಿದರೆ 6ರಿಂದ 8 ಗಂಟೆಗೆಲ್ಲ ಕೈ ನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ನೋಡುವವರಿಲ್ಲದಿದ್ದರೆ ಜೀವಕ್ಕೇ ಅಪಾಯ. ಡಯಾಜೆಪಾಮ್‌ನಂಥ ಔಷಧ ಕೊಟ್ಟು ದಿನದಿಂದ ದಿನಕ್ಕೆ ಪ್ರಮಾಣ ಇಳಿಸಬೇಕು. ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ (ಬಿ1 ಜೀವಸತ್ವ) ಕೊಡಬೇಕು, ಇಲ್ಲದಿದ್ದರೆ ಏಟು ಮೆದುಳಿಗೆ. ಇದಕ್ಕೆಲ್ಲ ರಾತ್ರಿ ಪಾಳಿಯಲ್ಲಿ ನರ್ಸ್ ಬೇಕು. ಆ ಹುದ್ದೆ ‘ಭರ್ತಿ ಪ್ರಕ್ರಿಯೆಯಲ್ಲಿದೆ’. ಗೋಡೆಗೆ ಮಾತ್ರ ಬೆಳಗಿನವರೆಗೂ ಫ್ಲಡ್‌ಲೈಟ್.

ಇಷ್ಟಾದರೂ ಮುಗಿದದ್ದು ಮೊದಲ ಮೆಟ್ಟಿಲು. ಕುಡಿತದ ಸೆಳೆತ ತಗ್ಗಿಸಲು ನಾಲ್ಟ್ರೆಕ್ಸೋನ್ ದಿನಕ್ಕೆ 50 ಮಿ.ಗ್ರಾಂ., ಇಲ್ಲವೇ ಅಕಾಂಪ್ರೊಸೇಟ್ 333 ಮಿ.ಗ್ರಾಂ.ನ ಎರಡೆರಡು ಮಾತ್ರೆ ಮೂರು ಹೊತ್ತು, ಅದೂ ತಿಂಗಳುಗಟ್ಟಲೆ. ಹೆರಾಯಿನ್ ಚಟದವರಿಗಂತೂ ಏಳು ದಿನದ ವಾಸ ಇನ್ನೂ ಗಂಡಾಂತರ. ಅಷ್ಟರಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ; ಹೊರಬಂದು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಹೆರಾಯಿನ್ ಬದಲಿಗೆ ವೈದ್ಯರು ಕೊಡುವ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಮುಂದುವರಿಸುವುದು, ನಿಲ್ಲುವ ಉಸಿರನ್ನು ಮರಳಿಸುವ ನಲೋಕ್ಸೋನನ್ನು ಮನೆಯವರ ಕೈಗೆ ಕೊಟ್ಟಿಡುವುದು ಇದಕ್ಕಾಗಿಯೇ. ಆದರೇನು ಮಾಡುವುದು, ಮಾತ್ರೆ ಆವರ್ತಕ ವೆಚ್ಚ, ಗೋಡೆ ಬಂಡವಾಳ ವೆಚ್ಚ. ಮಾತ್ರೆಗೆ ರಿಬ್ಬನ್ ಕಟ್ಟಲು ಬರುವುದಿಲ್ಲ.

ಇನ್ನು ಚಿತ್ರ. ಆಯ್ಕೆ ಸಮಿತಿಯಲ್ಲಿ ಎಂಜಿನಿಯರ್ ಇದ್ದಾರೆ, ಲೆಕ್ಕಾಧಿಕಾರಿ ಇದ್ದಾರೆ. ಚಿತ್ರ ಬರೆಯಬಲ್ಲವರಾಗಲಿ, ಚಟ ಬಿಟ್ಟವರಾಗಲಿ ಇಲ್ಲ. ಹಾಗಾಗಿ ತಲೆಬುರುಡೆ, ಸಿರಿಂಜು, ಸಂಕೋಲೆ. ಹೆದರಿಸುವ ಪ್ರಚಾರದಿಂದ ಉಪಯೋಗವಿಲ್ಲ ಎಂದು ವಿಶ್ವಸಂಸ್ಥೆಯ ಮಾದಕವಸ್ತು ತಡೆ ಮಾನದಂಡಗಳು 2013ರಲ್ಲೇ ಹೇಳಿವೆ. ಟೆಂಡರಿನಲ್ಲಿ ಹಾಗೇನೂ ಹೇಳಿಲ್ಲ. ಕೇಂದ್ರದ ಬಾಗಿಲ ಪಕ್ಕದಲ್ಲೇ ಹನ್ನೆರಡು ಅಡಿ ಎತ್ತರದ ಗ್ಲಾಸು, ಅಂಚಿನಲ್ಲಿ ನೊರೆ, ಹೊರಮೈಯಲ್ಲಿ ತಣ್ಣನೆಯ ಹನಿಗಳು, ಮೇಲೊಂದು ಕೆಂಪು ಅಡ್ಡಗೆರೆ. ನಿನ್ನೆಯಷ್ಟೇ ಬಿಟ್ಟವನಿಗೆ ಕಾಣುವುದು ಆ ಹನಿಗಳು, ಗೆರೆಯಲ್ಲ. ಇಂಥ ದೃಶ್ಯವೇ ಸೆಳೆತ ಕೆರಳಿಸುತ್ತದೆಂಬುದು ಆಪ್ತಸಮಾಲೋಚಕರಿಗೆ ಮೊದಲ ಪಾಠ. ಕಲಾವಿದನನ್ನು ದೂರುವಂತಿಲ್ಲ, ಹನಿಗಳನ್ನು ಬಹಳ ಚೆನ್ನಾಗಿ ಬರೆದಿದ್ದಾನೆ. ಚದರಡಿಗೆ ಕನಿಷ್ಠ ದರ ನಮೂದಿಸಿ ಗೆದ್ದವನು ಪಾಪ, ಕೊನೆಯ ಕಂತಿಗಾಗಿ ಇನ್ನೂ ಅಲೆಯುತ್ತಿದ್ದಾನೆ.

ಸರಿಯಾಗಿ ಮಾಡಿದ ಊರು ಇಲ್ಲವೆಂದಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1984ರಲ್ಲಿ ಗೋಡೆ ಗೀಚುವುದನ್ನು ತಡೆಯಲು ಶುರುವಾದ ಯೋಜನೆಯೇ ಮ್ಯೂರಲ್ ಆರ್ಟ್ಸ್ ಎಂಬ ಗೋಡೆಚಿತ್ರ ಸಂಸ್ಥೆಯಾಗಿ ಬೆಳೆಯಿತು. ಮುಂದೆ ಅಲ್ಲಿನ ಮಾನಸಿಕ ಆರೋಗ್ಯ ಇಲಾಖೆಯ ಜೊತೆಗೂಡಿ, ಚಟ ಬಿಡುತ್ತಿರುವವರನ್ನೇ ಕೂರಿಸಿಕೊಂಡು ಚಿತ್ರ ರೂಪಿಸಿತು. ಅಲ್ಲಿ ತಿಂಗಳುಗಟ್ಟಲೆ ಒಟ್ಟಿಗೆ ಕೂರುವುದೇ ಕೆಲಸ, ಗೋಡೆ ಅದರ ನೆಪ. ಅಧ್ಯಯನ ಪ್ರವಾಸ ಹೋದವರು ನೆಪದ ಫೋಟೊ ಹಿಡಿದು ತಂದಿದ್ದಾರೆ.

ಅಂದಹಾಗೆ ಗೋಡೆಗೂ 28 ದಿನ ಸಿಗಲಿಲ್ಲ. 1987ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ ಮಾದಕವಸ್ತು ವಿರೋಧಿ ದಿನ ಜೂನ್ 26, ಉದ್ಘಾಟನೆ ಅಂದೇ ಆಗಬೇಕು. ಪ್ಲಾಸ್ಟರ್ ಮುಗಿದದ್ದು ಜೂನ್ 17. ಉಪ್ಪು ಎದ್ದಿತು, ಸಿಪ್ಪೆ ಬಂತು. ದುರಸ್ತಿಗೆ ತಕ್ಷಣ ಹಣ ಬಿಡುಗಡೆಯಾಯಿತು, ಗೋಡೆಯ ಇಚ್ಛಾಶಕ್ತಿಯನ್ನು ಯಾರೂ ಪ್ರಶ್ನಿಸಲಿಲ್ಲ. ಮತ್ತೆ ಕುಡಿದು ಬಂದವನಿಗೆ ಆ ಭಾಗ್ಯವಿಲ್ಲ. ಚಟ ಮರುಕಳಿಸುವುದು ರೋಗದ ಸಹಜ ಗುಣವಾದರೂ ಅವನ ಕಡತದ ಮೇಲೆ ಬರೆಯುವುದು ‘ಸಹಕರಿಸಿಲ್ಲ’ ಎಂದು.

ಕಲೆಯೂ ವ್ಯಸನಮುಕ್ತಿಯೂ ನಿಜವಾಗಿ ಕೂಡುವ ಜಾಗ ಬೇರೆಯೇ ಇದೆ. ಸಂಗೀತಗಾರರಿಗೆ ರಾತ್ರಿ ವೇದಿಕೆ ಸಿಗುವುದು ಹೆಚ್ಚಾಗಿ ಬಾರಿನಲ್ಲಿ, ಸಂಭಾವನೆಯ ಒಂದು ಪಾಲು ಗ್ಲಾಸಿನಲ್ಲಿ. ಬಿಟ್ಟವನು ಒಂದೋ ಕಸುಬು ಬಿಡಬೇಕು, ಇಲ್ಲವೇ ಬಾಟಲಿಗಳ ನಡುವೆಯೇ ಕೂತು ನುಡಿಸಬೇಕು. ಪಾಲಿಕೆಯ ಖಾಲಿ ಸಭಾಂಗಣವನ್ನು ಸಂಜೆ 7ರಿಂದ 10ರವರೆಗೆ ತೆರೆದಿಟ್ಟು, ಎರಡು ಮೈಕು ಕೊಟ್ಟು, ಕಾವಲುಗಾರನಿಗೆ ಹೆಚ್ಚುವರಿ ಭತ್ಯೆ ಕೊಟ್ಟರೆ ಮದ್ಯವಿಲ್ಲದ ವೇದಿಕೆಯೊಂದು ಸಿಗುತ್ತದೆ. ಬೆಳಿಗ್ಗೆ ಅಲ್ಲೇ ಚಟ ಬಿಟ್ಟವರ ಬೆಂಬಲ ಗುಂಪು ಸೇರಬಹುದು. ಇಂಥ ಪ್ರಸ್ತಾವದ ಕಡತ ಹಿಂದಿರುಗುವುದು ಒಂದು ಷರಾದೊಂದಿಗೆ: ‘ಸದರಿ ಸಭಾಂಗಣವು ಈಗಾಗಲೇ ಉದ್ಘಾಟನೆಗೊಂಡಿರುತ್ತದೆ. ಮರು ಉದ್ಘಾಟನೆಗೆ ಅವಕಾಶವಿದೆಯೇ ಎಂಬುದನ್ನು ಖಚಿತಪಡಿಸಿಕೊಂಡು ಮರುಮಂಡಿಸತಕ್ಕದ್ದು.’