ಎಲ್ಲರೂ ಓದಿ, ಯಾರೂ ನಂಬಬೇಡಿ

ಕಂಪನಿಯೊಂದರ ಆಡಿಟ್ ವರದಿಯನ್ನು ಯಾರು ಓದಬಹುದು? ಯಾರು ಬೇಕಾದರೂ. ಸಾಲ ಕೊಡುವ ಬ್ಯಾಂಕಿನವರು, ಷೇರು ಕೊಳ್ಳುವ ಆಸೆ ಇರುವವರು, ಸುಮ್ನೆ ಹೊತ್ತು ಹೋಗದವರು, ಎಲ್ಲರೂ ಓದಬಹುದು. ಅದನ್ನು ನಂಬಿ ದುಡ್ಡು ಹಾಕಿ ಮುಳುಗಿದರೆ ಯಾರನ್ನು ಕೇಳಬೇಕು? ಅದು ಗೊತ್ತಾಗಬೇಕಾದರೆ ಮಾತ್ರ ಮೂರು ಕೋರ್ಟಿನ ಮೆಟ್ಟಿಲು ಹತ್ತಬೇಕು. ಅಷ್ಟು ಹತ್ತಿ ಏದುಸಿರು ಬಿಡುತ್ತಾ ನಿಂತಾಗ ಮೇಲಿಂದ ಒಂದು ಪ್ರಶ್ನೆ ಬರುತ್ತದೆ: ನಿಮಗೆ ಓದಿ ಅಂತ ಹೇಳಿದ್ದು ಯಾರು?

ನ್ಯೂಯಾರ್ಕಿನಲ್ಲಿ ಫ್ರೆಡ್ ಸ್ಟರ್ನ್ ಎಂಬ ರಬ್ಬರ್ ಕಂಪನಿ ಇತ್ತು. 1923ರ ಕೊನೆಯ ಲೆಕ್ಕಕ್ಕೆ ಟೂಷ್ ನಿವೆನ್ ಎಂಬ ಆಡಿಟ್ ಸಂಸ್ಥೆ ಸಹಿ ಹಾಕಿತು. ಕಾಗದದ ಮೇಲೆ ಕಂಪನಿಯ ನಿವ್ವಳ ಆಸ್ತಿ 10 ಲಕ್ಷ ಡಾಲರ್‌ಗೂ ಜಾಸ್ತಿ. ನಿಜದಲ್ಲಿ ದಿವಾಳಿ. ಆಡಿಟರುಗಳು ಆ ಬ್ಯಾಲೆನ್ಸ್ ಶೀಟಿನ 32 ಪ್ರತಿ ಮಾಡಿ, ಒಂದೊಂದಕ್ಕೂ ನಂಬರ್ ಹಾಕಿ ಕೊಟ್ಟಿದ್ದರು. ಮೂವತ್ತೆರಡು! ಮಾಲೀಕರು ಕೋಣೆಗೊಂದರಂತೆ ನೇತುಹಾಕಿಕೊಳ್ಳಲಿ ಅಂತ ಇರಬೇಕು. ಯಾಕೆಂದರೆ ಅಲ್ಟ್ರಾಮೇರ್ಸ್ ಎಂಬ ಸಂಸ್ಥೆ ಅದರಲ್ಲೊಂದನ್ನು ನಂಬಿ ಸಾಲ ಕೊಟ್ಟು, ಮುಳುಗಿ, ಕೋರ್ಟಿಗೆ ಹೋದಾಗ ಆಡಿಟರುಗಳ ವಾದ ಇಷ್ಟೇ: ನೀವು ಯಾರೋ ನಮಗೆ ಗೊತ್ತಿಲ್ಲ.

ಆಮೇಲಿನದ್ದು ಇನ್ನೂ ಸೊಗಸು. ನಿರ್ಲಕ್ಷ್ಯ ಆಗಿದೆ ಎಂದು ಜ್ಯೂರಿ 1,87,000 ಡಾಲರ್‌ಗೂ ಹೆಚ್ಚು ಪರಿಹಾರ ಕೊಟ್ಟಿತು. ಅದೇ ಕೋರ್ಟಿನ ನ್ಯಾಯಾಧೀಶರು ಅದನ್ನು ತೆಗೆದುಹಾಕಿದರು. ಮೇಲಿನ ಕೋರ್ಟು ನಿರ್ಲಕ್ಷ್ಯದ ತೀರ್ಪನ್ನು ಮತ್ತೆ ಕೂರಿಸಿ, ವಂಚನೆಯ ಆರೋಪವನ್ನು ಹೊರಗೇ ಬಿಟ್ಟಿತು. 1931ರಲ್ಲಿ ಅದಕ್ಕೂ ಮೇಲಿನ ಕೋರ್ಟು ಕೊಟ್ಟದ್ದನ್ನು ಕಿತ್ತುಕೊಂಡು, ಕಿತ್ತುಕೊಂಡದ್ದನ್ನು ಕೊಟ್ಟಿತು: ನಿರ್ಲಕ್ಷ್ಯಕ್ಕೆ ಹೊಣೆ ಇಲ್ಲ, ವಂಚನೆಯ ಬಗ್ಗೆ ಬೇಕಾದರೆ ಹೊಸದಾಗಿ ವಿಚಾರಣೆ ನಡೆಯಲಿ. ರಬ್ಬರ್ ಕೇಸು ತಾನೇ, ಎಳೆದಷ್ಟೂ ಬಂತು.

1931ರ ಆ ತೀರ್ಪು ಬರೆದ ನ್ಯಾಯಮೂರ್ತಿ ಕಾರ್ಡೋಜೊ ಅವರ ಭಯ ಏನೆಂದರೆ, ಒಂದು ಸಣ್ಣ ತಪ್ಪಿಗೆ ಆಡಿಟರು ಎಷ್ಟು ಜನಕ್ಕೆ, ಎಷ್ಟು ಕಾಲ, ಎಷ್ಟು ದುಡ್ಡು ಕೊಡಬೇಕಾದೀತು ಎಂಬುದಕ್ಕೆ ಲೆಕ್ಕವೇ ಸಿಗದಂತಾಗುತ್ತದೆ. ಈ ಭಯ ಪೂರ್ತಿ ಹುಸಿಯಲ್ಲ, ಒಪ್ಪೋಣ. ಆದರೆ ಲೆಕ್ಕ ಸಿಗುವುದಿಲ್ಲ ಎಂಬ ಕಾರಣಕ್ಕೆ ಲೆಕ್ಕಿಗರಿಗೇ ರಿಯಾಯಿತಿ ಸಿಕ್ಕಿದ್ದು ಮಾತ್ರ ತಮಾಷೆ ಅಲ್ವಾ?

ಇಂಗ್ಲೆಂಡಿನವರು ಈ ಆಟವನ್ನು ಇನ್ನಷ್ಟು ನಾಜೂಕು ಮಾಡಿದರು. ಆಡಿಟರು ಕಾವಲು ನಾಯಿಯೇ ಹೊರತು ವಾಸನೆ ಹಿಡಿದು ಬೆನ್ನಟ್ಟುವ ಬೇಟೆ ನಾಯಿಯಲ್ಲ ಎಂದು 1896ರಲ್ಲೇ ಅಲ್ಲಿನ ನ್ಯಾಯಾಧೀಶರೊಬ್ಬರು ಹೇಳಿದ್ದರು. ಯಾರ ಮನೆಯ ಕಾವಲು ನಾಯಿ ಎಂಬುದು ಬಾಕಿ ಉಳಿದಿತ್ತು. ಅದಕ್ಕೆ ಕಪಾರೊ ಕಂಪನಿ ಬರಬೇಕಾಯಿತು.

1984ರಲ್ಲಿ ಕಪಾರೊ, ಫಿಡೆಲಿಟಿ ಎಂಬ ಕಂಪನಿಯ ಷೇರುಗಳನ್ನು ಕೊಳ್ಳುತ್ತಾ ಹೋಗಿ ಕೊನೆಗೆ ಇಡೀ ಕಂಪನಿಯನ್ನೇ ಕೊಂಡಿತು. ಲೆಕ್ಕಪತ್ರದಲ್ಲಿ 13 ಲಕ್ಷ ಪೌಂಡ್ ಲಾಭ ಇತ್ತು. ನಿಜಕ್ಕೂ ಇದ್ದದ್ದು 4 ಲಕ್ಷ ಪೌಂಡ್‌ಗೂ ಹೆಚ್ಚು ನಷ್ಟ ಎಂಬುದು ಕಪಾರೊ ದೂರು. ಆಡಿಟರು ಟೂಷ್ ರಾಸ್. ಹೌದು, ಅದೇ ಟೂಷ್ ಮನೆತನ.

ಲಾಭವೋ ನಷ್ಟವೋ ಎಂದು ಪುಸ್ತಕ ತೆಗೆದು ನೋಡಿದರೆ ಮುಗಿಯಿತು ಅಂತ ನಮ್ಮಂಥವರು ಅಂದುಕೊಳ್ಳುತ್ತೇವೆ. ಕೋರ್ಟು ಹಾಗೆ ಅವಸರ ಮಾಡುವುದಿಲ್ಲ. ಲೆಕ್ಕ ತಪ್ಪಿತ್ತು ಎಂದೇ ಸದ್ಯಕ್ಕೆ ಇಟ್ಟುಕೊಳ್ಳೋಣ, ಆಡಿಟರಿಗೆ ನಿಮ್ಮ ಬಗ್ಗೆ ಎಚ್ಚರ ವಹಿಸುವ ಕರ್ತವ್ಯ ಇತ್ತೇ ಎಂಬುದನ್ನು ಮೊದಲು ನೋಡೋಣ ಎಂದಿತು. ಮೊದಲ ಕೋರ್ಟು: ಇರಲಿಲ್ಲ. ಎರಡನೆಯ ಕೋರ್ಟು, 1988ರಲ್ಲಿ, ಒಬ್ಬರ ವಿರುದ್ಧ ಇಬ್ಬರ ಬಹುಮತದಿಂದ: ಅರ್ಧ ಇತ್ತು. ಆಗಲೇ ಷೇರುದಾರನಾಗಿದ್ದರೆ ಕರ್ತವ್ಯ ಇದೆ, ಬರೀ ಹೂಡಿಕೆದಾರನಾದರೆ ಇಲ್ಲ. ಅಂದರೆ ಮೊದಲ ಷೇರನ್ನು ನಿಮ್ಮ ಗ್ರಹಚಾರ ಅಂದುಕೊಂಡು ಕೊಳ್ಳಬೇಕು. ಎರಡನೆಯದರಿಂದ ಆಡಿಟರು ನೆಂಟರಾಗುತ್ತಾರೆ.

ಗೆದ್ದವ ಸೋತ, ಸೋತವ ಸತ್ತ ಎಂದು ಗಾದೆ ಕಟ್ಟಿದ ಹಿರಿಯರು ಭಾಗಶಃ ತೀರ್ಪನ್ನು ಕಂಡಿರಲಿಲ್ಲ. ಇಲ್ಲಿ ಸೋತವನೂ ಮೇಲ್ಮನವಿ ಹಾಕುತ್ತಾನೆ, ಗೆದ್ದವನೂ ಹಾಕುತ್ತಾನೆ. ಆ ಅರ್ಧವೂ ಬೇಡ ಎಂದು ಆಡಿಟರುಗಳು ಹೋದರು. ಈ ಅರ್ಧವೂ ಬೇಕು ಎಂದು ಕಪಾರೊ ಹೋಯಿತು. ವಕೀಲರಿಗೆ ಮಾತ್ರ ಎರಡೂ ಅರ್ಧ ಪೂರ್ತಿ ಸಿಕ್ಕಿರಬೇಕು.

1990ರ ಫೆಬ್ರವರಿಯಲ್ಲಿ, ಆಗ ಅಲ್ಲಿನ ಕಟ್ಟಕಡೆಯ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಜಗಳ ಬಿಡಿಸಿತು. ಆಡಿಟರಿಗೆ ಹೂಡಿಕೆದಾರರ ಬಗ್ಗೆಯೂ ಕರ್ತವ್ಯ ಇಲ್ಲ, ಜಾಸ್ತಿ ಷೇರು ಕೊಳ್ಳಹೊರಟ ಷೇರುದಾರನ ಬಗ್ಗೆಯೂ ಇಲ್ಲ. ವರದಿ ಇರುವುದು ಷೇರುದಾರರೆಲ್ಲ ಒಟ್ಟಾಗಿ ಕಂಪನಿಯ ಮೇಲೆ ನಿಗಾ ಇಡಲು, ಸಭೆಯಲ್ಲಿ ನಿರ್ದೇಶಕರನ್ನು ಪ್ರಶ್ನಿಸಲು. ಷೇರು ಕೊಳ್ಳಲೋ ಬೇಡವೋ ಎಂದು ನೋಡಲು ಅಲ್ಲ. ಹಾಗಾಗಿ ಕಂಪನಿಯ ಲಾಭ ನೋಡಿ ಷೇರು ಕೊಳ್ಳುವ ಕೆಟ್ಟ ಚಟ ಇರುವವರು ಇನ್ನಾದರೂ ಬಿಡಬೇಕು. ಎಲ್ಲರೂ ಒಟ್ಟಾಗಿ, ಒಂದೇ ದೇಹವಾಗಿ ಓದಿ. ಒಬ್ಬೊಬ್ಬರೇ ಓದಿದರೆ ಅದು ನಿಮ್ಮ ಹಣೆಬರಹ.

ಫಿಡೆಲಿಟಿಯದು ಲಾಭವೋ ನಷ್ಟವೋ? ಆ ಮೂರೂ ಕೋರ್ಟುಗಳ ಮುಂದೆ ಇದ್ದದ್ದು ಆ ಪ್ರಶ್ನೆಯೇ ಅಲ್ಲ.

ಇಷ್ಟಾದರೂ ಆಡಿಟರುಗಳಿಗೆ ನೆಮ್ಮದಿ ಬರಲಿಲ್ಲ. 2002ರಲ್ಲಿ ಸ್ಕಾಟ್ಲೆಂಡಿನ ಕೋರ್ಟೊಂದು, ಬ್ಯಾಂಕು ಈ ಲೆಕ್ಕ ನಂಬುತ್ತದೆ ಎಂದು ಗೊತ್ತಿದ್ದೂ ಆಡಿಟರು 'ನಾನು ಹೊಣೆಯಲ್ಲ' ಎಂದು ಹೇಳದೆ ಇದ್ದರೆ ಹೊಣೆ ಬರಬಹುದು ಎಂದುಬಿಟ್ಟಿತು. ಇದಕ್ಕೆ ಎರಡು ದಾರಿ ಇತ್ತು. ಒಂದು, ಲೆಕ್ಕವನ್ನು ಇನ್ನೂ ಹುಷಾರಾಗಿ ನೋಡುವುದು. ಮರುವರ್ಷವೇ ಇಂಗ್ಲೆಂಡಿನ ಲೆಕ್ಕಪರಿಶೋಧಕರ ಸಂಸ್ಥೆ ಇನ್ನೊಂದನ್ನು ಸೂಚಿಸಿತು: ವರದಿಗೆ ಒಂದು ಪ್ಯಾರಾ ಸೇರಿಸಿ. ಕಂಪನಿ ಮತ್ತು ಒಟ್ಟಾರೆ ಅದರ ಸದಸ್ಯರನ್ನು ಬಿಟ್ಟು ಬೇರೆ ಯಾರಿಗೂ ನಾವು ಹೊಣೆಯಲ್ಲ ಎಂಬ ಅರ್ಥದ ಪ್ಯಾರಾ. ಇಡೀ ವರದಿಯಲ್ಲಿ ಹತ್ತು ಸಲ ಪರಿಶೀಲಿಸಿ ಬರೆದ ಭಾಗ ಅದೊಂದೇ ಇರಬೇಕು.