ಬ್ಯಾಗು ಕ್ರಾಪಾಯಿತು, ನಾನು ಅನಾಥನಾದೆ

ಆಗಸ್ಟ್ 19, ವಿಶ್ವ ಛಾಯಾಗ್ರಹಣ ದಿನ. ಎಂದಿನಂತೆ ಈ ಸಲವೂ ಊರ ತುಂಬ ಸ್ಪರ್ಧೆಗಳಾದವು, ಎಂದಿನಂತೆ ಮೊದಲ ಬಹುಮಾನ ಒಬ್ಬ ಅಜ್ಜಿಗೇ ಬಂತು. ಅಂದರೆ ಅಜ್ಜಿಗಲ್ಲ, ಅಜ್ಜಿಯ ಸುಕ್ಕು ಹಿಡಿದು ತಂದವನಿಗೆ. ಎರಡನೆಯದು ಬೀಡಿ ಸೇದುವ ಅಜ್ಜನಿಗೆ. ಸಮಾಧಾನಕರ ಬಹುಮಾನ ಮಿಂಚುಳ್ಳಿಗೆ.

ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಕಪ್ಪು-ಬಿಳುಪು, ಹಿನ್ನೆಲೆ ಮಸುಕು, ಮುಖ ಮಾತ್ರ ಬರಗಾಲದ ಕೆರೆಯಂಗಳದ ಹಾಗೆ ಬಿರಿದಿರಬೇಕು. ಅಷ್ಟು ಬಿರಿಯದಿದ್ದರೂ ಚಿಂತೆಯಿಲ್ಲ. ಸಾಫ್ಟ್‌ವೇರಿನಲ್ಲಿ ಕ್ಲಾರಿಟಿ ಅಂತ ಒಂದು ಗೀಟಿದೆ, ಅದರ ಮೇಲಿನ ಗುಂಡಿಯನ್ನು ಬಲಕ್ಕೆ ಎಳೆದರೆ ಅರವತ್ತರವರಿಗೆ ಅರ್ಧ ನಿಮಿಷದಲ್ಲಿ ತೊಂಬತ್ತು. ಇದೇ ಕೈ ಮದುವೆ ಆಲ್ಬಮ್ಮಿಗೆ ಕೂತಾಗ ಅದೇ ಗುಂಡಿಯನ್ನು ಎಡಕ್ಕೆ ಎಳೆದು ಮದುಮಗಳ ಮೊಡವೆ ಅಳಿಸುತ್ತದೆ. ಮದುಮಗಳು ದುಡ್ಡು ಕೊಟ್ಟಿರುತ್ತಾಳಲ್ಲ.

ಚಿತ್ರದ ಕೆಳಗೆ ‘ಸಾವಿರ ಕಥೆ ಹೇಳುವ ಕಣ್ಣುಗಳು’. ಒಂದನ್ನಾದರೂ ಕೇಳಿಸಿಕೊಂಡೆಯೇನಪ್ಪ ಅಂದರೆ, ‘ಇಲ್ಲ ಸಾರ್, ಬೆಳಕು ಹೋಗ್ತಿತ್ತು.’

ನನಗೇಕೆ ಇಷ್ಟು ಉರಿ ಅಂತೀರಾ? ನಾನೂ ಈಗ ಒಂದು ಕಲಾಕೃತಿ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ದಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ತೊಡೆಯ ಮೇಲೆ ಹೆಂಡತಿಯ ವ್ಯಾನಿಟಿ ಬ್ಯಾಗು. ಆಕೆ ಶೌಚಾಲಯದ ಸಾಲಿನಲ್ಲಿ. ಸಾಲು ಗಾಜಿನ ಮನೆಯ ಸಾಲಿಗಿಂತ ಉದ್ದವಿತ್ತು. ಆಕೆ ಬರುವಷ್ಟರಲ್ಲಿ ಒಂದು ಮಸಾಲೆ ಮಂಡಕ್ಕಿ ತಿಂದು ಕೈ ಒರೆಸಿಕೊಂಡು ಏನೂ ಆಗದವನಂತೆ ಕೂರಲು ಸಾಧ್ಯವೇ ಎಂದು ಲೆಕ್ಕ ಹಾಕುತ್ತಿದ್ದೆ. ಶುಗರಿನವನಿಗೆ ಇಂಥ ಲೆಕ್ಕಗಳು ಬಹಳ ಗಂಭೀರವಾದವು, ಮುಖವೂ ಹಾಗೇ ಆಗುತ್ತದೆ.

ಮೂರನೇ ದಿನ ವಾಟ್ಸ್‌ಆ್ಯಪ್‌ನಲ್ಲಿ ನಾನೇ ಬಂದೆ. ಯಾವುದೋ ಮರದ ಹಿಂದಿನಿಂದ ತೆಗೆದದ್ದು. ಬ್ಯಾಗನ್ನು ಕತ್ತರಿಸಿ ಎಸೆದಿದ್ದರು. ಖಾಲಿ ಬೆಂಚು, ಬಾಗಿದ ತಲೆ, ಕೆಳಗೆ ‘ಯಾರೂ ಬಾರದ ದಾರಿ’. ಪುಣೆಯಲ್ಲಿರುವ ನನ್ನ ಮಗನಿಗೆ ಒಂದೇ ಸಂಜೆ ಮೂವರು ಚಿಕ್ಕಪ್ಪಂದಿರು ಫೋನ್ ಮಾಡಿ ಹೆತ್ತವರ ಋಣದ ಬಗ್ಗೆ ಮಾತಾಡಿದರು. ಒಬ್ಬರು ವೃದ್ಧಾಶ್ರಮ ಪಾಪ ಎಂದರಂತೆ, ಇನ್ನೊಬ್ಬರು ಒಳ್ಳೆಯ ವೃದ್ಧಾಶ್ರಮದ ನಂಬರನ್ನೇ ಕೊಟ್ಟರಂತೆ. ಹೆಂಡತಿಯ ತಕರಾರು ಬೇರೆ. ‘ಯಾರೂ ಬಾರದ ದಾರಿಯಂತೆ! ಹಾಗಾದ್ರೆ ಆ ದಾರೀಲಿ ವಾಪಸ್ ಬಂದ ನಾನು ಯಾರು?’ ಎರಡು ದಿನ ಮಾತಿಲ್ಲ.

ಫೋಟೋ ತೆಗೆದ ಮಹಾನುಭಾವನನ್ನು ಹುಡುಕಿ ಕೇಳಿದೆ. ಒಳ್ಳೆಯ ಹುಡುಗ. ‘ಕೇಳಿದ್ರೆ ಕ್ಯಾಂಡಿಡ್, ಅಂದ್ರೆ ಸಹಜತೆ, ಹೋಗ್ಬಿಡುತ್ತೆ ಅಂಕಲ್. ಮತ್ತೆ ಅದು ಪಬ್ಲಿಕ್ ಪ್ಲೇಸು’ ಎಂದು ನ್ಯೂಯಾರ್ಕಿನ ಉದಾಹರಣೆ ಕೊಟ್ಟ. ಹೌದು, ಅಲ್ಲಿ ಫಿಲಿಪ್-ಲೋರ್ಕಾ ಡಿಕೋರ್ಸಿಯಾ ಎಂಬಾತ ಟೈಮ್ಸ್ ಸ್ಕ್ವೇರಿನಲ್ಲಿ ದೀಪ ಕಟ್ಟಿ, ದೂರ ನಿಂತು, ಹೋಗಿ ಬರುವವರ ಮುಖ ತೆಗೆದ. ಅದರಲ್ಲೊಬ್ಬರು ಗಡ್ಡದ ಯಹೂದಿ ಅಜ್ಜ. ತನ್ನ ಧರ್ಮಕ್ಕೆ ಇದು ಒಗ್ಗದು ಎಂದು ಕೋರ್ಟಿಗೆ ಹೋದರು. ಇದು ಕಲೆ ಎಂದು ನ್ಯಾಯಾಧೀಶರು 2006ರಲ್ಲಿ ದಾವೆ ವಜಾ ಮಾಡಿದರು. ಆ ಮುಖದ ಹತ್ತು ಪ್ರತಿ, ಒಂದೊಂದಕ್ಕೆ ಇಪ್ಪತ್ತರಿಂದ ಮೂವತ್ತು ಸಾವಿರ ಡಾಲರು. ಅಜ್ಜನಿಗೆ ಅದರಲ್ಲಿ ಒಂದು ಕಾಫಿಯೂ ಹುಟ್ಟಲಿಲ್ಲ.

ಅಷ್ಟು ದೂರ ಹೋಗುವುದೇಕೆ, ನಮ್ಮ ಅಜ್ಜನೊಬ್ಬರಿದ್ದರಲ್ಲ. ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದಾಗ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೇ ಹೌದು ಎಂದರು. ಛಾಯಾಗ್ರಹಣ ದಿನ ಕಳೆದು ಐದೇ ದಿನಕ್ಕೆ. ನಮಗೆಲ್ಲ ಮಾನ ಮುಚ್ಚಿಕೊಳ್ಳಲು ಒಂದು ಹಕ್ಕು ಕೊಡಿಸಿದ್ದು ಬೆಂಗಳೂರಿನ ಅಜ್ಜ. ಈ ಊರಿನಲ್ಲಿ ಮರದ ಹಿಂದೆ ನಿಂತು ಹಿಡಿಯುವುದೂ ಅಜ್ಜಂದಿರನ್ನೇ. ಅದು ಸರ್ಕಾರದ ವಿರುದ್ಧದ ಹಕ್ಕು ಅಂಕಲ್, ನಮ್ಮ ಕ್ಯಾಮೆರಾಕ್ಕಲ್ಲ ಎಂದು ಹುಡುಗ ವಾದಿಸಿದ. ವಾದಿಸಲಿ, ಕಲಿತ ಹುಡುಗ.

ವಯಸ್ಸಾದವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಅಷ್ಟು ಸುಲಭ ಅಂದುಕೊಂಡವರು ನವೆಂಬರ್‌ನಲ್ಲಿ ನಮ್ಮ ಸೋದರತ್ತೆಯ ಮನೆಗೆ ಬರಬೇಕು. ಅತ್ತೆಗೆ ಎಂಬತ್ತೊಂದು. ಪಿಂಚಣಿ ಬರಬೇಕಾದರೆ ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಸಾಬೀತು ಮಾಡಬೇಕು. ಅರವತ್ತು ವರ್ಷ ಪಾತ್ರೆ ತಿಕ್ಕಿ ಬೆರಳಚ್ಚು ಸವೆದಿದೆ. 2021ರಿಂದ ಮುಖ ತೋರಿಸಿದರೂ ನಡೆಯುತ್ತದೆ, ಆದರೆ ಫೋನು ‘ಕಣ್ಣು ಮಿಟುಕಿಸಿ’ ಅನ್ನುತ್ತದೆ. ಕನ್ನಡಕ ತೆಗೆದರೆ ಅತ್ತೆಗೆ ಫೋನು ಕಾಣುವುದಿಲ್ಲ. ಹಾಕಿದರೆ ಟ್ಯೂಬ್‌ಲೈಟ್ ಹೊಳೆದು ಫೋನಿಗೆ ಅತ್ತೆ ಕಾಣುವುದಿಲ್ಲ. ನಾಲ್ಕನೇ ಸಲವೂ ಮಿಟುಕಿಸಿ ಸಾಕಾಗಿ, ‘ಯಾರೋ ಇವನು, ಈ ವಯಸ್ಸಲ್ಲಿ ಕಣ್ಣು ಹೊಡಿ ಹೊಡಿ ಅಂತಾನೆ’ ಅಂದರು.

ಆದರೆ ತನ್ನ ಫೋಟೋ ಹೇಗಿರಬೇಕು ಎಂಬುದರಲ್ಲಿ ಅತ್ತೆಗೆ ಯಾವ ಗೊಂದಲವೂ ಇಲ್ಲ. ಟ್ರಂಕಿನಲ್ಲಿ ಬಟ್ಟೆ ಸುತ್ತಿಟ್ಟ ಚೌಕಟ್ಟಿದೆ. ಸ್ಟುಡಿಯೋದಲ್ಲಿ ತೆಗೆಸಿದ್ದು, ಅಂಚಿನ ರೇಷ್ಮೆ ಸೀರೆ, ವಜ್ರದೋಲೆ, ಬೆನ್ನು ನೆಟ್ಟಗೆ, ದೃಷ್ಟಿ ನೇರ. ನಗು ಇಲ್ಲ, ನಗುವುದೇನಿದೆ ಅದರಲ್ಲಿ. ‘ಗೋಡೆಗೆ ಹಾಕೋದು ಇದನ್ನೇ. ಆಧಾರ್ ಫೋಟೋ ದೊಡ್ಡದು ಮಾಡಿಸಿದ್ರೆ ನೋಡಿ, ಕಾಗೆಯಾಗಿ ಬಂದರೂ ಪಿಂಡ ಮುಟ್ಟಲ್ಲ.’ ಈ ತಲೆಮಾರಿಗೆ ಫೋಟೋ ಅಂದರೆ ತಾವು ಹೋದ ಮೇಲೆ ಮನೆಯಲ್ಲಿ ಉಳಿಯುವ ತಮ್ಮ ಮುಖ. ಬಾಯಿ ತೆರೆದು, ಸೆರಗು ಜಾರಿ, ತೂಕಡಿಸುತ್ತಿರುವಾಗ ಸಿಕ್ಕಿದ ಮುಖವನ್ನು ನಾವು ‘ಸಹಜ’ ಅನ್ನುತ್ತೇವೆ. ಅವರು ಅದಕ್ಕೆ ಮಾನ ಹೋಯಿತು ಅನ್ನುತ್ತಾರೆ.

ಶ್ರಾವಣದ ಭಾನುವಾರ ಹೂವಿಗೆಂದು ಕೆ.ಆರ್. ಮಾರುಕಟ್ಟೆಗೆ ಹೋಗಿದ್ದೆ. ಬೆಳಗಿನ ಆರು ಗಂಟೆ, ಗುಂಪು ಕಟ್ಟಿಕೊಂಡು ಫೋಟೋ ತೆಗೆಯುತ್ತಾ ತಿರುಗುವ ‘ಫೋಟೋ ವಾಕ್‌’ನ ಹದಿನೈದು ಜನ. ಅವರಲ್ಲೊಬ್ಬ ಕ್ಯಾಮೆರಾ ಹಿಡಿದು ಬಗ್ಗಿದ ತಕ್ಷಣ, ಕನಕಾಂಬರದ ಬುಟ್ಟಿಯ ಮುಂದಿದ್ದ ಅಜ್ಜಿ ಸೆರಗು ಎಳೆದು ಮುಖ ಮುಚ್ಚಿಕೊಂಡರು. ಅವನು ಅದನ್ನೇ ತೆಗೆದ. ಸೂಪರ್ ಎಂದ. ಉಳಿದವರೂ ಓಡಿಬಂದು ಅದನ್ನೇ ತೆಗೆದರು.

ಇಲ್ಲಿ ತಮಾಷೆ ಮಾಡಲು ನನಗೆ ಏನೂ ಹೊಳೆಯುತ್ತಿಲ್ಲ. ಆಕೆ ಬೇಡ ಅಂದರು. ಕನ್ನಡ ಬರದವನಿಗೂ ತಿಳಿಯುವ ಹಾಗೆ ಬೇಡ ಅಂದರು. 2025ರಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಓಡಾಡುವ ಹೆಣ್ಣುಮಕ್ಕಳನ್ನು ಅವರಿಗೆ ತಿಳಿಯದಂತೆ ವಿಡಿಯೊ ಮಾಡಿ ಹಾಕುತ್ತಿದ್ದವನನ್ನು ಪೊಲೀಸರು ಹಿಡಿದರು, ಹಿಡಿಯಲೇಬೇಕಿತ್ತು. ಅದೇ ಹೆಂಗಸಿಗೆ ಎಪ್ಪತ್ತು ದಾಟಿದ್ದರೆ ತೆಗೆದವನಿಗೆ ಶಾಲು, ಹಾರ, ಪ್ರಶಸ್ತಿ ಪತ್ರ. ಉದ್ದೇಶ ಬೇರೆ ಅಂತೀರಿ. ಇರಬಹುದು. ಸೆರಗು ಎಳೆದುಕೊಂಡ ಕೈಗೆ ನಿಮ್ಮ ಉದ್ದೇಶ ಹೇಗೆ ತಿಳಿಯಬೇಕು? ‘ತೆಗೀಲಾ ಅಜ್ಜಿ?’ ಎರಡು ಪದ. ಲೆನ್ಸಿಗೆ ಎಂಬತ್ತು ಸಾವಿರ ಇರುತ್ತದೆ, ಎರಡು ಪದ ಇರುವುದಿಲ್ಲ. ಸಾಕಾಗಿದೆ.

ನ್ಯಾಯವಾಗಿ ಹೇಳಬೇಕೆಂದರೆ, ಗುಂಪಿನ ಕೊನೆಯಲ್ಲಿದ್ದ ಒಬ್ಬ ಕೇಳಿದ. ಪಕ್ಕದಲ್ಲಿ ಸೇವಂತಿಗೆ ಮಾರು ಹಾಕುತ್ತಿದ್ದ ಇನ್ನೊಬ್ಬ ಅಜ್ಜಿಯನ್ನು. ‘ಪಿಂಚಣಿ ದುಡ್ಡಿಗಾ?’ ಅಂದರು ಆಕೆ. ಅಲ್ಲ ಎಂದ. ‘ಹೋಗ್ಲಿ ಬಿಡು, ತೆಗಿ’ ಎಂದವರು ಹೂವು ಕೆಳಗಿಟ್ಟು, ಕೈಯ ನೀರನ್ನು ತಲೆಗೆ ಸವರಿ, ಸೆರಗು ಸರಿಮಾಡಿ, ಬೆನ್ನು ನೆಟ್ಟಗೆ ಮಾಡಿ, ನಮ್ಮತ್ತೆಯ ಹಾಗೇ ಅವನನ್ನು ದಿಟ್ಟಿಸಿದರು.

ಹುಡುಗ ಕ್ಯಾಮೆರಾ ಇಳಿಸಿದ. ‘ಪೋಸ್ ಬೇಡ ಅಜ್ಜಿ, ನ್ಯಾಚುರಲ್ಲಾಗಿರಿ. ಹೂ ಕಟ್ತಾ ಇರಿ.’

‘ಹೂ ಕಟ್ಟೋದು ಇದ್ದಿದ್ದೇ. ಸುಮ್ನೆ ತೆಗಿ’ ಎಂದರು ಅಜ್ಜಿ. ತೆಗೆದ. ಹೊರಟಾಗ ಹಿಂದಿನಿಂದ ಕೂಗಿದರು: ‘ಏ, ಯಾವತ್ತು ತಂದ್ಕೊಡ್ತೀಯಾ? ದೊಡ್ಡದು ಮಾಡಿಸ್ಕೊಂಡ್ ಬಾ, ಕಟ್ಟು ಹಾಕ್ಸಿ. ಹಾರ ನನ್ನತ್ರಾನೇ ಐತೆ!’